ಹಳದಿ ಗುರುತಿನ ಇಲಿಗಳು

ಸೋಮವಾರ ಬೆಳಿಗ್ಗೆ ಗೋವಿಂದ ಪ್ರಾಣಿಮನೆಯ ಬಾಗಿಲು ತೆರೆದಾಗ ಇಲಿಗಳು ಗಲಾಟೆ ಎಬ್ಬಿಸಿದ್ದವು. ಪಂಜರಗಳಿಗೆ ಸಿಕ್ಕಿಸಿದ್ದ ನೀರಿನ ಬಾಟಲಿಗಳು ಖಾಲಿಯಾಗಿದ್ದವು. ಪುಟ್ಟ ಹಲ್ಲುಗಳು ಬಾಟಲಿಯ ತುದಿಯನ್ನು ಕಟಕಟ ಕಚ್ಚುತ್ತಿದ್ದವು. ವರ್ಷಗಟ್ಟಲೆ ಇಲಿಗಳ ಚಾಕರಿ ಮಾಡಿದ ಗೋವಿಂದ ಆ ಸದ್ದಿಗೆಲ್ಲ ಹೆದರುವವನಲ್ಲ. ಅವನ ಎದೆ ಧಸಕ್ಕೆಂದದ್ದು ಕಾರಿಡಾರಿನ ಕೊನೆಗೆ ಬಂದಾಗ.

ಅಲ್ಲೊಂದು ಕಿಟಕಿಯಿಲ್ಲದ ಸಣ್ಣ ಕೋಣೆ. ನರಳುವ ಪ್ರಾಣಿಗಳನ್ನು ಅನಿಲ ಬಿಟ್ಟು ಶಾಶ್ವತವಾಗಿ ಮಲಗಿಸುವ ಜಾಗ. ಕೇಂದ್ರದವರೆಲ್ಲ ಅದನ್ನು ಕೊನೆಯ ಕೋಣೆ ಎನ್ನುತ್ತಿದ್ದರು. ಅನಿಲದ ಸಿಲಿಂಡರ್ ಬಾಗಿಲ ಹೊರಗೆ ನಿಂತಿರುತ್ತದೆ, ಅದರ ಕೊಳವೆ ಗೋಡೆಯ ತೂತಿನಿಂದ ಒಳಗೆ ಹೋಗುತ್ತದೆ. ಇವತ್ತು ಸಿಲಿಂಡರಿನ ಬಿರಡೆ ಪೂರ್ತಿ ತಿರುಗಿತ್ತು. ಒತ್ತಡ ತೋರಿಸುವ ಮುಳ್ಳು ಸೊನ್ನೆಗೆ ಇಳಿದಿತ್ತು. ಬಾಗಿಲಿಗೆ ಹೊರಗಿನಿಂದ ಚಿಲಕ.

ಗೋವಿಂದ ಚಿಲಕ ಸರಿಸಿದ. ಬಾಗಿಲಿಗೆ ಒರಗಿ ಕುಳಿತಿದ್ದ ಮನುಷ್ಯ ಅವನ ಕಾಲ ಮೇಲೆ ಬಿದ್ದ.

ಡಾಕ್ಟರ್ ಉದಯ್ ವಾನಖೇಡೆ. ಪ್ರಾಣಿಮನೆಯ ಪಶುವೈದ್ಯ. ಮೈ ಸೆಟೆದುಕೊಂಡಿತ್ತು. ಬಲಗೈಯ ಉಗುರುಗಳು ಮುರಿದಿದ್ದವು. ಒಂದಿಡೀ ರಾತ್ರಿಯಲ್ಲಿ ಅನಿಲ ಬಾಗಿಲ ಸಂದಿಯಿಂದ ಸೋರಿಹೋಗಿತ್ತು, ಇಲ್ಲದಿದ್ದರೆ ಗೋವಿಂದನೂ ಅಲ್ಲೇ ಮಲಗುತ್ತಿದ್ದ.

*

ಕೋರಾಡಿ ರಸ್ತೆಯ ಆ ಪಶುರೋಗ ಸಂಶೋಧನಾ ಕೇಂದ್ರಕ್ಕೆ ಇನ್ಸ್‌ಪೆಕ್ಟರ್ ಚಾರುಲತಾ ಹೂಗಾರ ಬಂದಾಗ ಬಿಸಿಲು ಆಗಲೇ ಕಾದ ಹೆಂಚಾಗಿತ್ತು. ನಾಗಪುರದ ಮೇ ತಿಂಗಳು ಯಾರಿಗೂ ರಿಯಾಯಿತಿ ಕೊಡುವುದಿಲ್ಲ, ಪೊಲೀಸರಿಗಂತೂ ಇಲ್ಲವೇ ಇಲ್ಲ. ಚಾರುಲತಾ ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ. ಅಪ್ಪ ಭೀಮಪ್ಪ ಗದಗಿನಿಂದ ರೈಲ್ವೆ ನೌಕರಿಗೆ ಬಂದು ಇಲ್ಲಿಯೇ ನಿಂತವರು. ಠಾಣೆಯಲ್ಲಿ ಮರಾಠಿ, ಕೋರ್ಟಿನಲ್ಲಿ ಹಿಂದಿ, ಮನೆಯಲ್ಲಿ ಗದಗಿನ ಕನ್ನಡ. ಸಿಟ್ಟು ಬಂದರೆ ಮೂರೂ ಒಟ್ಟಿಗೆ ಹೊರಬೀಳುತ್ತಿದ್ದವು.

ಕೊನೆಯ ಕೋಣೆಯ ಬಾಗಿಲ ಒಳಮೈಯಲ್ಲಿ ಗೀರುಗಳಿದ್ದವು. ಸಾಯುವವನಿಗೆ ತಾನು ಸಾಯುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು. ಆ ಕೋಣೆಯಲ್ಲಿ ಏನಾಗುತ್ತದೆಂದು ಅವನಷ್ಟು ತಿಳಿದವರು ಬೇರೆ ಯಾರಿದ್ದರು?

"ಇವರು ಒಳಗಿನಿಂದ ಫೋನ್ ಯಾಕೆ ಮಾಡಲಿಲ್ಲ?" ಎಂದು ಗೋವಿಂದನನ್ನು ಮರಾಠಿಯಲ್ಲಿ ಕೇಳಿದಳು.

ಗೋವಿಂದ ಬಟ್ಟೆ ಬದಲಿಸುವ ಕೋಣೆ ತೋರಿಸಿದ. ಹೊರಬಾಗಿಲಿಗೆ ಗುರುತಿನ ಕಾರ್ಡು ತೋರಿಸಿ ಒಳಗೆ ಬಂದವರು ಕಾರ್ಡನ್ನೂ ಫೋನನ್ನೂ ಅಲ್ಲಿನ ಮೊಳೆಗಳಿಗೆ, ಗೂಡುಗಳಿಗೆ ಒಪ್ಪಿಸಿ, ಏಪ್ರನ್ ತೊಟ್ಟು ಮುಂದೆ ಹೋಗಬೇಕು. ಕೊರಳಲ್ಲಿ ಕಾರ್ಡು ತೂಗಾಡಿದರೆ ಇಲಿ ಕಚ್ಚುತ್ತದೆ, ಕೊಳಕು ಹರಡುತ್ತದೆ. ಹೊರಗೆ ಹೋಗಲು ಕಾರ್ಡು ಬೇಡ, ಗುಂಡಿ ಒತ್ತಿದರೆ ಸಾಕು. ಆದ್ದರಿಂದಲೇ ಇಲ್ಲಿ ಕಾರ್ಡು ಮರೆತು ಮನೆಗೆ ಹೋಗದವರು ಯಾರೂ ಇಲ್ಲ.

ಗೂಡಿನಲ್ಲಿ ಉದಯ್‌ನ ಫೋನ್ ಇತ್ತು. ಮೊಳೆಗಳಲ್ಲಿ ಎರಡು ಕಾರ್ಡುಗಳು. ಒಂದು ಉದಯ್‌ನದು. ಇನ್ನೊಂದು ಗ್ರೀಷ್ಮಾ ಅಪ್ಪಣ್ಣ ಎಂಬ ಸಂಶೋಧನಾ ವಿದ್ಯಾರ್ಥಿನಿಯದು.

ಬಾಗಿಲ ಯಂತ್ರ ಹೇಳಿದ್ದೂ ಅದೇ. ಭಾನುವಾರ ಮಧ್ಯಾಹ್ನ ಮೊದಲಿಗೆ ಗ್ರೀಷ್ಮಾಳ ಕಾರ್ಡಿಗೆ ಬಾಗಿಲು ತೆರೆದಿತ್ತು. ಸ್ವಲ್ಪ ಹೊತ್ತಿನ ಮೇಲೆ ಉದಯ್‌ನ ಕಾರ್ಡಿಗೆ. ಸೋಮವಾರ ಗೋವಿಂದ ಬರುವವರೆಗೆ ಮತ್ತೆ ಯಾರೂ ಬಂದಿರಲಿಲ್ಲ.

*

"ಬನ್ನಿ ಬನ್ನಿ, ಹೂಗಾರ ಅಂದ ಕೂಡಲೇ ನಮ್ಮ ಕಡೆಯವರು ಅಂತ ಗೊತ್ತಾಯ್ತು. ಇಂಥ ಸಂದರ್ಭದಲ್ಲಿ ಕನ್ನಡ ಕಿವಿಗೆ ಬಿತ್ತಲ್ಲ, ಅಷ್ಟೇ ಸಮಾಧಾನ."

ಕೇಂದ್ರದ ಮುಖ್ಯ ವಿಜ್ಞಾನಿ ಡಾಕ್ಟರ್ ಪ್ರಸನ್ನ ಮೈಸೂರಿನವರು. ನರೆತ ಕೂದಲು, ಮೆತ್ತನೆಯ ಮಾತು. ಕೂಲರ್ ಗಾಳಿಗೆ ಹಾರುತ್ತಿದ್ದ ಕಾಗದಗಳ ಮೇಲೆ ಎಲೆ ಅಡಿಕೆಯ ಹಿತ್ತಾಳೆ ಪೆಟ್ಟಿಗೆ ಇಟ್ಟಿದ್ದರು.

"ಆ ಇಲಿಗಳಿಗೆ ಏನ್ ಕಾಯಿಲೆ ಐತ್ರಿ ಡಾಕ್ಟರ್?" ಚಾರುಲತಾ ಕೇಳಿದಳು.

"ಸರ್ರಾ ಅಂತ. ಕುದುರೆ, ಎಮ್ಮೆಗಳ ರಕ್ತದಲ್ಲಿ ಸೇರೋ ಪರೋಪಜೀವಿ. ನೊಣ ಕಚ್ಚಿ ಹರಡುತ್ತೆ. ಇಲಿಗಳಿಗೆ ಆ ಸೋಂಕು ಕೊಟ್ಟು, ಅರ್ಧಕ್ಕೆ ವಿಟಮಿನ್ ಇ ಮತ್ತು ಸಿ ಗುಳಿಗೆ ಕೊಟ್ವಿ, ಇನ್ನರ್ಧಕ್ಕೆ ಬರೀ ಆಹಾರ. ವಿಟಮಿನ್ ತಿಂದವು ಚೆನ್ನಾಗಿವೆ. ಬುಧವಾರ ವರದಿ ಹೋಗುತ್ತೆ, ಆಮೇಲೆ ಕನ್ಹಾನ್ ಕಡೆ ಗೌಳಿಗರ ಎಮ್ಮೆಗಳಿಗೆ ಗುಳಿಗೆ ಹಂಚೋದು. ಗುಳಿಗೆ ಆಗಲೇ ಅಲ್ಲಿ ತಲುಪಿದೆ."

"ಗ್ರೀಷ್ಮಾ?"

ಪ್ರಸನ್ನ ನಿಟ್ಟುಸಿರುಬಿಟ್ಟರು. ವೀಳ್ಯದೆಲೆ ತೆಗೆದು, ಡಬ್ಬಿಯಿಂದ ತೋರುಬೆರಳಿನಲ್ಲಿ ಸುಣ್ಣ ತೆಗೆದು, ಎಲೆಯ ಬೆನ್ನಿಗೆ ನಿಧಾನವಾಗಿ ಸವರಿದರು. ಬೆರಳು ತುದಿಯಿಂದ ಎರಡನೇ ಗೆಣ್ಣಿನವರೆಗೆ ಹಳದಿ.

"ನನ್ನ ವಿದ್ಯಾರ್ಥಿನಿ. ಕೊಡಗಿನ ಹುಡುಗಿ, ಕಾಮ್ಠಿಯಲ್ಲಿ ಮನೆ. ಹೇಳೋಕೆ ಸಂಕಟ ಆಗುತ್ತೆ ಮೇಡಮ್. ಶನಿವಾರ ಅವಳಿಗೂ ಉದಯ್‌ಗೂ ದೊಡ್ಡ ಜಗಳ. ಗೋವಿಂದ ಕೇಳಿದ್ದಾನೆ. ಅವಳು ಇಲಿಗಳನ್ನ ಸರಿಯಾಗಿ ನೋಡ್ಕೊಳ್ತಿಲ್ಲ ಅಂತ ಉದಯ್ ದೂರು ಕೊಡೋನಿದ್ದ."

"ನೀವು ಭಾನುವಾರ ಎಲ್ಲಿದ್ರಿ?"

"ಇಲ್ಲೇ, ಆವರಣದ ಕ್ವಾರ್ಟರ್ಸ್‌ನಲ್ಲಿ. ರಿಜಿಸ್ಟ್ರಾರ್ ಮಗಳ ಹಳದಿ ಶಾಸ್ತ್ರ. ಬೆಳಿಗ್ಗೆಯಿಂದ ಸಂಜೆತನಕ ಅದೇ ಗದ್ದಲ. ನೋಡಿ, ಅರಿಶಿನ ಹಚ್ಚದೆ ನನ್ನನ್ನೂ ಬಿಡಲಿಲ್ಲ." ಅವರು ಬೆರಳು ಎತ್ತಿ ತೋರಿಸಿ ನಕ್ಕರು. ಅಂಥ ದಿನವೂ ನಗಬಲ್ಲ ಮನುಷ್ಯ.

ಎಲೆ ಅವಳತ್ತ ಚಾಚಿದರು. ಚಾರುಲತಾ ಬೇಡವೆಂದಳು.

*

ಕಾಮ್ಠಿಯಲ್ಲಿ ಗ್ರೀಷ್ಮಾಳ ತಂದೆ, ನಿವೃತ್ತ ಸುಬೇದಾರ್ ಅಪ್ಪಣ್ಣನವರ ಮನೆ. ಜೀಪು ನಿಂತದ್ದೇ ತಡ, ಅವರು ಅಂಗಿಯ ಗುಂಡಿ ಹಾಕಿಕೊಂಡು ಬಾಗಿಲಿಗೆ ಬಂದು ನೆಟ್ಟಗೆ ನಿಂತರು.

"ಕೇಳೋದೆಲ್ಲ ನನ್ನ ಮುಂದೆ ಕೇಳಿ ಮೇಡಮ್," ಎಂದರು. ದನಿ ಗಟ್ಟಿಯಾಗಿತ್ತು. ಕೈ ಮಾತ್ರ ಬಾಗಿಲ ಚೌಕಟ್ಟನ್ನು ಹಿಡಿದಿತ್ತು.

ಗ್ರೀಷ್ಮಾ ಒಣಗಿಹೋಗಿದ್ದಳು. "ನಾನು ಹೋಗಿಲ್ಲ ಮೇಡಮ್. ಸಚ್ ಮೇ, ನಿಜವಾಗ್ಲೂ. ಸಂಡೇ ಪೂರಾ ಮನೇಲೇ ಇದ್ದೆ."

"ಮನೀ ಮಂದಿ ಬಿಟ್ರ ಬ್ಯಾರೆ ಯಾರರ ನೋಡ್ಯಾರೇನು?"

"ಇಲ್ಲ."

"ನಿಮ್ಮ ಕಾರ್ಡ್?"

"ಶನಿವಾರ ಮೊಳೇಲೇ ಮರೆತು ಬಂದೆ. ಎಲ್ರೂ ಮರೀತಾರೆ."

ಕೇಂದ್ರದ ಕಾಂಪೌಂಡ್ ಗೋಡೆ ಕೋರಾಡಿ ಬಸ್ ನಿಲ್ದಾಣದ ಕಡೆ ಒಡೆದಿತ್ತು. ನೌಕರರೆಲ್ಲ ಆ ಸಂದಿಯಲ್ಲೇ ಓಡಾಡುತ್ತಾರೆ. ಅಂದಮೇಲೆ ಗೇಟಿನ ಕಾವಲುಗಾರ ಇವಳನ್ನು ನೋಡಲಿಲ್ಲವೆಂದರೂ ಪ್ರಯೋಜನವಿರಲಿಲ್ಲ.

"ಉದಯ್ ಕೂಡ ಜಗಳ ಯಾಕ ಆತು?"

"ಜಗಳ ಅಲ್ಲ. ಉದಯ್ ಸರ್ ನಂಗೆ ಬೈದ್ರು. ಗೈಡ್ ಪ್ರಸನ್ನ ಸರ್ ಎದುರು ನಿಜ ಹೇಳೋಕೆ ಯಾಕೆ ಇಷ್ಟು ಹೆದರಿಕೆ, ಇಷ್ಟು ಡರ್ ಅಂತ. ನಾನು ಅತ್ತುಬಿಟ್ಟೆ. ಗೋವಿಂದ ಅದನ್ನೇ ಜಗಳ ಅಂದ್ಕೊಂಡ."

"ಯಾವ ನಿಜ?"

ಗ್ರೀಷ್ಮಾ ಅಪ್ಪನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ ಹೇಳಿದಳು. "ವಿಟಮಿನ್ ತಿಂದ ಇಲಿಗಳೇ ಜಾಸ್ತಿ ಸತ್ತಿರೋದು. ಪರೋಪಜೀವಿ ಬಂದಾಗ ಮೈ ಅದನ್ನ ಸುಡೋಕೆ ಒಂಥರಾ ಬೆಂಕಿ ಹಚ್ಚುತ್ತೆ. ಆ ವಿಟಮಿನ್‌ಗಳು ಬೆಂಕಿ ಆರಿಸ್ತವೆ. ಬೇರೆ ಕಡೆ ಅದು ಒಳ್ಳೇದಿರಬಹುದು. ನಮ್ಮ ಇಲಿಗಳಲ್ಲಿ ಹುಳ ಆರಾಮಾಗಿ ಬೆಳೀತು."

"ಪ್ರಸನ್ನ ಸರ್ ಉಲ್ಟಾ ಹೇಳ್ಯಾರಲ್ಲ. ವಿಟಮಿನ್ ತಿಂದ ಇಲಿ ಚಲೋ ಅದಾವ ಅಂದ್ರು."

ಗ್ರೀಷ್ಮಾ ದಿಗ್ಗನೆ ಎದ್ದಳು. "ಆಗೋಕೇ ಸಾಧ್ಯ ಇಲ್ಲ! ಶನಿವಾರ ವಿಟಮಿನ್ ಪಂಜರದಲ್ಲಿ ಬೆರಳೆಣಿಕೆ ಇಲಿ ಉಳಿದಿದ್ವು!"

ಹುಡುಗಿ ಸುಳ್ಳು ಹೇಳುತ್ತಿರಬೇಕು, ಇಲ್ಲವೇ ಇಲಿಗಳು. ಚಾರುಲತಾ ಎದ್ದು ನಿಂತಳು. ಅಪ್ಪಣ್ಣ ಜೀಪಿನವರೆಗೂ ಬಂದರು.

"ಮೇಡಮ್, ಅರೆಸ್ಟ್ ಮಾಡ್ತೀರಾ?"

ಅವಳು ಸುಳ್ಳು ಸಮಾಧಾನ ಹೇಳುವ ಜಾತಿಯಲ್ಲ. "ಮ್ಯಾಲಿನವರು ನಾಳೆ ಸಂಜಿ ಒಳಗ ಮಾಡು ಅಂದಾರ್ರಿ," ಎಂದಳು.

*

ಮಂಗಳವಾರ ಬೆಳಿಗ್ಗೆ ಗೋವಿಂದನ ಸರದಿ.

ಅವನ ಮೇಲೆ ಅನುಮಾನ ಬಂದದ್ದು ಖಾಲಿ ಬಾಟಲಿಗಳಿಂದ. ಭಾನುವಾರ ಬಂದು ನೀರು ಹಾಕಿದ್ದೆ ಎಂದು ಹೇಳಿಕೆ ಕೊಟ್ಟಿದ್ದ. ಹಾಕಿದ್ದರೆ ಸೋಮವಾರ ಇಲಿಗಳು ಯಾಕೆ ಬಾಯಾರುತ್ತಿದ್ದವು, ಬಾಗಿಲ ಯಂತ್ರದಲ್ಲಿ ಅವನ ಕಾರ್ಡು ಯಾಕಿರಲಿಲ್ಲ? ಚಾರುಲತಾ ಮೇಜಿಗೆ ಒಂದು ಸಲ ಲಾಠಿ ಕುಟ್ಟಿದಳು, ಅಷ್ಟೇ. ಗೋವಿಂದ ಕೈಮುಗಿದುಬಿಟ್ಟ.

"ಕೋರಾಡಿ ದೇವಸ್ಥಾನಕ್ಕೆ ಹೋಗಿದ್ದೆ ಮೇಡಮ್, ಹೆಂಡತಿ ಮಕ್ಕಳ ಜೊತೆ. ಬಡೇ ಸಾಹೇಬರು, ಪ್ರಸನ್ನ ಸರ್ ಅವರೇ ಹೋಗು ಅಂದರು. ಕಿಸೀ ಕೋ ಮತ್ ಬೋಲ್ನಾ, ಯಾರಿಗೂ ಹೇಳಬೇಡ ಅಂದರು, ಭಾನುವಾರದ ರಜೆ ಯಾರಿಗೂ ಕೊಡೋದಿಲ್ಲ, ನಿನಗೆ ಮಾತ್ರ ಅಂದರು."

"ನೀನು ಕೇಳಿದ್ದೆಯಾ?"

"ಇಲ್ಲ. ಅವರಾಗಿಯೇ ಕೊಟ್ಟರು."

ದೇವಸ್ಥಾನದ ದಾರಿಯಲ್ಲಿ ತೆಗೆದ ಫೋಟೊಗಳು ಅವನ ಫೋನಿನಲ್ಲಿದ್ದವು. ಗೋವಿಂದ ಬಚಾವಾದ. ಆದರೆ ಕೇಳದೆ ಸಿಕ್ಕ ರಜೆ ಚಾರುಲತಾಳ ತಲೆಯಲ್ಲಿ ಮುಳ್ಳಿನಂತೆ ಕೂತಿತು.

ಅವಳು ಪ್ರಾಣಿಮನೆಗೆ ಹೋದಳು. ಇಲ್ಲಿನ ಬಿಳಿ ಇಲಿಗಳನ್ನು ಗುರುತಿಸಲು ಕೂದಲಿಗೆ ಪಿಕ್ರಿಕ್ ಆಸಿಡ್ ಎಂಬ ಹಳದಿ ದ್ರಾವಣ ಹಚ್ಚುತ್ತಾರೆ. ತೊಳೆದರೆ ಹೋಗುವುದಿಲ್ಲ. ವಿಟಮಿನ್ ತಿಂದವಕ್ಕೆ ತಲೆಯ ಮೇಲೆ ಹಳದಿ, ತಿನ್ನದವಕ್ಕೆ ಬೆನ್ನಿನ ಮೇಲೆ. ಪ್ರಸನ್ನ ಹೇಳಿದ್ದು ಸುಳ್ಳಾಗಿರಲಿಲ್ಲ. ತಲೆ ಹಳದಿಯಾದ ಇಲಿಗಳು ಪಂಜರದ ತುಂಬ ಗೆಲುವಾಗಿ ಓಡಾಡುತ್ತಿದ್ದವು. ಬೆನ್ನು ಹಳದಿಯಾದವು ಕೆಲವೇ ಕೆಲವು, ಮೂಲೆಯಲ್ಲಿ ಮುದುರಿಕೊಂಡಿದ್ದವು.

ಚಾರುಲತಾ ಗ್ಲೌಸ್ ಹಾಕಿ ಗೋವಿಂದನಿಂದ ಒಂದು ಗೆಲುವಿನ ಇಲಿಯನ್ನು ಹಿಡಿಸಿದಳು. ಅದರ ಬೆನ್ನ ಮೇಲೆ ಬೆರಳಾಡಿಸಿದಳು. ಮೇಲಿನ ಕೂದಲು ಮೃದು, ಉದ್ದ. ನಡುವೆ ಒಂದು ಕಡೆ ಮಾತ್ರ ಗಿಡ್ಡ, ಒರಟು. ಕತ್ತರಿಯ ಕೆಲಸ. ಇನ್ನೊಂದು ಇಲಿ. ಅದಕ್ಕೂ ಹಾಗೆಯೇ. ಮುದುರಿದ್ದ ಇಲಿಯನ್ನು ಎತ್ತಿಸಿದಳು. ಅದರ ಬೆನ್ನು ಸರಿಯಾಗಿತ್ತು. ಕೂದಲು ಕತ್ತರಿಸಿದ್ದು ತಲೆಯ ಮೇಲೆ.

ಅವಳು ಕೊನೆಯ ಕೋಣೆಗೆ ಸೋಮವಾರ ಹಾಕಿಸಿದ್ದ ಸೀಲು ಒಡೆಸಿದಳು. ಅಲ್ಲೊಂದು ಫ್ರೀಜರ್ ಇತ್ತು. ಸತ್ತ ಇಲಿಗಳನ್ನು ಸುಡಲು ಕಳಿಸುವ ತನಕ ಅದರಲ್ಲಿಡುತ್ತಾರೆ. ಮುಚ್ಚಳ ತೆರೆದಾಗ ತಣ್ಣನೆಯ ಹೊಗೆ ಮುಖಕ್ಕೆ ಬಡಿಯಿತು.

ಸಾಲಾಗಿ ಮಲಗಿದ್ದ ಸತ್ತ ಇಲಿಗಳು. ಹೆಚ್ಚಿನವುಗಳ ತಲೆ ಹಳದಿ. ಅವುಗಳ ಕೂದಲಿಗೆ ಯಾರೂ ಕತ್ತರಿ ಹಾಕಿರಲಿಲ್ಲ.

ಆಗಲೇ ಫೋನ್ ಬಂತು. ಸಿವಿಲ್ ಲೈನ್ಸ್‌ನಿಂದ ಪೊಲೀಸ್ ಸಾಹೇಬರು. "ಹುಡುಗಿಯನ್ನು ಇನ್ನೂ ಯಾಕೆ ತಂದಿಲ್ಲ? ಕಾರ್ಡು ಅವಳದೇ ತಾನೆ?"

"ಹೌದು ಸರ್. ಸಂಜೆಯವರೆಗೆ ಸಮಯವಿದೆಯಲ್ಲ," ಎಂದಳು ಚಾರುಲತಾ. ಇಲಿಗಳ ಗುರುತು ಬದಲಾಗಿದ್ದೇನೋ ಗೊತ್ತಾಯಿತು. ಬದಲಿಸಿದ ಕೈ ಯಾವುದು? ಅದಿಲ್ಲದೆ ಕಾರ್ಡೇ ಗೆಲ್ಲುತ್ತಿತ್ತು.

*

ಮಧ್ಯಾಹ್ನ ಮನೆಗೆ ಊಟಕ್ಕೆ ಬಂದಳು. ತಾಯಿ ಕಾಶಿಬಾಯಿ ಅಂಗಳದಲ್ಲಿ ಅರಿಶಿನ ಕೊಂಬು ಕುಟ್ಟಿ ಮುಗಿಸಿ, ಬಚ್ಚಲಿನಲ್ಲಿ ಕೈ ತೊಳೆಯುತ್ತಿದ್ದರು.

"ಜಲ್ದಿ ಬಾರವಾ, ರೊಟ್ಟಿ ಆರಾಕತ್ತಾವು. ಆ ಕೊಲಿಗಾರ ಎಲ್ಲೂ ಓಡಿ ಹೋಗಂಗಿಲ್ಲ, ಬಿಸಿ ರೊಟ್ಟಿ ಓಡಿ ಹೋಕ್ಕಾವ."

"ಬಂದ್ನೆವ್ವಾ."

ಚಾರುಲತಾ ಸೋಪಿಗೆ ಕೈ ಚಾಚಿ ನಿಂತುಬಿಟ್ಟಳು. ಬಿಳಿ ಸೋಪಿನ ಮೇಲೆ ತಾಯಿಯ ಬೆರಳುಗಳ ಗುರುತು ಮೂಡಿತ್ತು. ಕೆಂಪಗೆ.

"ಅವ್ವಾ, ಇದು ಅರಿಶಿಣ ಹೌದಲ್ಲ?"

"ಮತ್ತೇನು? ಸೋಪು ತಾಗಿದ್ರ ಕೆಂಪಾಗ್ತೈತಿ. ಅರಿಶಿಣಕ್ಕ ಸುಣ್ಣ ಹಾಕಿದ್ರ ಇನ್ನೂ ಕೆಂಪು. ಆರತಿ ತಾಟಿಗೆ ಓಕುಳಿ ಹೆಂಗ ಮಾಡ್ತಾರ ಅಂತ ಮಾಡೀದಿ? ಇಷ್ಟ್ ದೊಡ್ಡಾಕಿ ಆಗಿ ಅದೂ ಗೊತ್ತಿಲ್ಲೇನು?"

ಗೊತ್ತಿತ್ತು. ಚಿಕ್ಕಂದಿನಿಂದ ಗೊತ್ತಿತ್ತು. ಆದರೂ ಸೋಮವಾರ ಕಣ್ಣೆದುರಿಗೇ ನಡೆದದ್ದು ತಲೆಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆಯೇ ರೇಗಿತು. ರೊಟ್ಟಿ ಆರಿಯೇ ಹೋಯಿತು.

*

ಸಂಜೆ ಪ್ರಾಣಿಮನೆಯ ಕಾರಿಡಾರಿನಲ್ಲಿ ಎಲ್ಲರನ್ನೂ ಸೇರಿಸಿದಳು. ಗ್ರೀಷ್ಮಾಳ ಪಕ್ಕದಲ್ಲಿ ಮಹಿಳಾ ಕಾನ್‌ಸ್ಟೇಬಲ್ ಇದ್ದಳು. ಅಪ್ಪಣ್ಣ ಗೋಡೆಗೆ ಒರಗದೆ ನಿಂತಿದ್ದರು. ಪ್ರಸನ್ನ ಮಾತ್ರ ಕುರ್ಚಿ ತರಿಸಿಕೊಂಡಿದ್ದರು.

"ಡಾಕ್ಟರ್, ನಿನ್ನೆ ಎಲಿ ಬ್ಯಾಡ ಅಂದೆ. ಇವತ್ತು ಒಂದು ಕೊಡ್ರಿ. ನೀವ ಸುಣ್ಣ ಹಚ್ಚಿ ಕೊಡ್ರಿ."

ಪ್ರಸನ್ನರಿಗೆ ಖುಷಿಯಾಯಿತು. ಪೆಟ್ಟಿಗೆ ತೆರೆದು, ಹಳದಿ ತೋರುಬೆರಳಿನಲ್ಲಿ ಧಾರಾಳವಾಗಿ ಸುಣ್ಣ ತೆಗೆದರು. ಎಲೆಗೆ ಸವರುವಷ್ಟರಲ್ಲಿ ಚಾರುಲತಾ ಅವರ ಮಣಿಕಟ್ಟು ಹಿಡಿದಳು.

ಇನ್ನೊಂದು ಕೈಯಿಂದ ಜೇಬಿನ ಪೊಟ್ಟಣ ಬಿಚ್ಚಿ, ತನ್ನ ಬೆರಳಿಗೆ ಅರಿಶಿನ ಹಚ್ಚಿಕೊಂಡು, ಅದೇ ಡಬ್ಬಿಯ ಸುಣ್ಣದಲ್ಲಿ ಅದ್ದಿದಳು. ಬೆರಳು ನೋಡನೋಡುತ್ತ ರಕ್ತದಲ್ಲಿ ಅದ್ದಿದಂತಾಯಿತು.

"ನನ್ನ ಬೆರಳು ನೋಡ್ರಿ. ನಿಮ್ಮ ಬೆರಳು ನೋಡ್ರಿ."

ಸುಣ್ಣ ಮೆತ್ತಿದ್ದ ಪ್ರಸನ್ನರ ಬೆರಳು ಹಳದಿಯಾಗಿಯೇ ಇತ್ತು.

"ಹಳದಿ ಶಾಸ್ತ್ರಕ್ಕ ನೀವು ಹೋಗಿದ್ದು ಖರೆ. ಉಂಡಿದ್ದೂ ಖರೆ. ಉಂಡ ಮ್ಯಾಲೆ ಯಾರ ಯಾರನ್ನ ನೋಡ್ತಾರ? ಈ ಹಳದಿ ಮದುವಿ ಮನೀದಲ್ಲ. ಇಲಿ ಬೆನ್ನಿಂದು. ನೀವು ಇಲಿಗೆ ಗುರುತು ಹಾಕೋದು ಬಿಟ್ಟು ಎಷ್ಟು ವರ್ಷ ಆದ್ವು? ಈ ಹುಡುಗ್ಯಾರು ದಪ್ಪ ಗ್ಲೌಸ್ ಹಾಕ್ಕೊಂಡು ಹಚ್ತಾರ. ನಿಮಗ ಅದೂ ಮರ್ತು ಹೋಗಿತ್ತು."

"ಇದೆಂಥ ಮಾತು! ಲ್ಯಾಬಿನಲ್ಲಿ ಎಲ್ಲೋ ತಾಗಿರಬಹುದು," ಎಂದರು ಪ್ರಸನ್ನ. ದನಿಯ ಮೆತ್ತನೆ ಇನ್ನೂ ಹೋಗಿರಲಿಲ್ಲ.

"ಹಂಗಾದ್ರ ಅರಿಶಿಣ ಅಂತ ಯಾಕ ಅಂದ್ರಿ?"

ಚಾರುಲತಾ ಎಲ್ಲರಿಗೂ ಕೇಳುವಂತೆ ಬಿಡಿಸಿ ಹೇಳಿದಳು.

ಪ್ರಸನ್ನ ದೊಡ್ಡ ಸಭೆಗಳಲ್ಲಿ ಗುಳಿಗೆಯ ಗುಣಗಾನ ಮಾಡಿ ಆಗಿತ್ತು. ಇಲಿಗಳು ಅವರ ಮಾತು ಕೇಳದೆ ಸತ್ತವು. ವರದಿಗೆ ಮೊದಲು ಯಾರಾದರೂ ಬಂದು ಪಂಜರ ನೋಡಿದರೆ ಮಾನ ಹೋಗುತ್ತಿತ್ತು. ಶನಿವಾರ ಸಂಜೆ ಮೊಳೆಯಲ್ಲಿ ನೇತಾಡುತ್ತಿದ್ದ ಗ್ರೀಷ್ಮಾಳ ಕಾರ್ಡನ್ನು ಎತ್ತಿಕೊಂಡರು. ಗೋವಿಂದನಿಗೆ ಕೇಳದ ರಜೆ ಕೊಟ್ಟರು. ಭಾನುವಾರ ಊಟವಾದ ಮೇಲೆ ಆ ಕಾರ್ಡಿನಿಂದ ಒಳಗೆ ಬಂದು, ಅದನ್ನು ಮತ್ತೆ ಮೊಳೆಗೆ ಸಿಕ್ಕಿಸಿ, ಹಳೆಯ ಹಳದಿ ಕೂದಲು ಕತ್ತರಿಸಿ, ಹೊಸ ಜಾಗಕ್ಕೆ ಹೊಸ ಹಳದಿ ಹಚ್ಚತೊಡಗಿದರು. ಬದುಕಿದ್ದ ಇಲಿಗಳು ವಿಟಮಿನ್ ತಿಂದವಾದವು, ಸಾಯುತ್ತಿದ್ದವು ತಿನ್ನದವಾದವು.

"ಇವರು ಬಂದಿದ್ದು ಇಲಿಗಳಿಗಾಗಿ, ಉದಯ್‌ಗಾಗಿ ಅಲ್ಲ. ಅದಕ್ಕ ಕದ್ದ ಕಾರ್ಡ್ ಮೊದಲು ಬಂತು, ಉದಯ್ ಕಾರ್ಡ್ ಆಮ್ಯಾಲೆ. ಸತ್ತ ಇಲಿ ಲೆಕ್ಕ ತಗೊಳ್ಳಾಕ ಬಂದ ಉದಯ್ ಇದನ್ನ ಕಣ್ಣಾರೆ ನೋಡಿದ. ಸತ್ತ ಇಲಿ ಫ್ರೀಜರ್‌ನಾಗ ಅದಾವ, ಅವನ್ನ ತೋರಿಸ್ತೀನಿ ಅಂತ ಒಳಗ ಹೋದ. ಇವರು ಚಿಲಕ ಹಾಕಿ ಅನಿಲದ ಬಿರಡಿ ತಿರುವಿದ್ರು. ಆದ್ರ ಸಾಕ್ಷಿನೂ ಅವನ ಜೋಡಿ ಒಳಗ ಉಳೀತು. ಅನಿಲ ತುಂಬಿದ ಕೋಣಿಗೆ ಇವರು ಹೆಂಗ ಹೋಗ್ತಾರ? ಸತ್ತ ಇಲಿ ತಲೀ ಮ್ಯಾಲಿನ ಹಳದಿ ಹಂಗ ಉಳೀತು. ನಿನ್ನೆ ನಾವು ಸೀಲ್ ಹಾಕಿದ್ವಿ. ಕತ್ತರಿಸಿದ ಕೂದಲು ಇಲ್ಲಿ ಮೋರಿ ಜಾಲರಿಯೊಳಗ ಸಿಕ್ಕಾವ."

ಪ್ರಸನ್ನ ಕರವಸ್ತ್ರ ತೆಗೆದು ಬೆರಳಿನ ಸುಣ್ಣ ಒರೆಸಿಕೊಂಡರು, ಹಳದಿ ಹೋಗಲಿಲ್ಲ.

"ಇನ್ನೊಂದು ಸಲ ಪ್ರಯೋಗ ಮಾಡಿದ್ರೆ ಸರಿ ಬರ್ತಿತ್ತು," ಎಂದರು ಕೊನೆಗೆ. "ಅಷ್ಟು ಸಮಯ ಕೊಡು ಅಂತ ಅವನನ್ನ ಕೇಳ್ಕೊಂಡೆ. ಕೊಡಲ್ಲ ಅಂದ."

"ಆಮ್ಯಾಲೆ ಅವ ಬಾಗಿಲಾ ಬಡದ?"

"ಬಡಿದ."

"ಆಗ ನೀವೇನ್ ಮಾಡಾಕತ್ತಿದ್ರಿ?"

"ಒಂದು ಪಂಜರ ಬಾಕಿ ಇತ್ತು," ಎಂದರು ಪ್ರಸನ್ನ. "ಗುರುತು ಹಾಕ್ತಾ ಇದ್ದೆ."

ಗೋವಿಂದ ಮುಖ ತಿರುಗಿಸಿಕೊಂಡು ಅತ್ತ. ಚಾರುಲತಾಳಿಗೆ ಆ ಮನುಷ್ಯನ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ. ಬೇಡಿ ಹಾಕಿ ಅಂದಳು.

*

ಜೀಪು ಹೋದ ಮೇಲೂ ಗ್ರೀಷ್ಮಾ ಅಲ್ಲಿಯೇ ನಿಂತಿದ್ದಳು.

"ನೀವಿನ್ನ ಮನೀಗೆ ಹೋಗ್ರಿ. ನಿಮ್ಮ ಮ್ಯಾಲೆ ಏನೂ ಇಲ್ಲ," ಎಂದಳು ಚಾರುಲತಾ.

ಅಪ್ಪಣ್ಣ ಮಗಳ ಹೆಗಲ ಮೇಲೆ ಕೈಯಿಟ್ಟರು. ಅವಳು ಕದಲಲಿಲ್ಲ.

"ನಾನು ಶನಿವಾರವೇ ಹೇಳಿದ್ದಿದ್ರೆ ಮೇಡಮ್? ಎಲ್ರ ಎದುರು ಹೇಳಿದ್ದಿದ್ರೆ? ಉದಯ್ ಸರ್ ಭಾನುವಾರ ಇಲ್ಲಿಗೆ ಬರ್ತಾನೇ ಇರಲಿಲ್ಲ ಅಲ್ವಾ?"

ಚಾರುಲತಾ ಇಪ್ಪತ್ತು ವರ್ಷ ಜನರಿಗೆ ಪ್ರಶ್ನೆ ಕೇಳಿದವಳು. ಈ ಪ್ರಶ್ನೆಗೆ ಅಲ್ಲವೆಂದರೆ ಸುಳ್ಳು, ಹೌದೆಂದರೆ ಕೊಲೆ.

"ಅಳೂದಿದ್ರ ಅತ್ತುಬಿಡವಾ," ಎಂದಳು. ಬಹುವಚನ ತಾನಾಗಿ ಬಿದ್ದುಹೋಗಿತ್ತು.

ಗ್ರೀಷ್ಮಾ ಅಳಲಿಲ್ಲ. ಗೂಡಿನಿಂದ ತನ್ನ ಫೋನ್ ತೆಗೆದುಕೊಂಡು ಒಂದು ನಂಬರು ಒತ್ತಿದಳು. ಮೊದಲ ಸಲ ತಪ್ಪಿತು. ಎರಡನೇ ಸಲ ಕನ್ಹಾನಿನ ಗೌಳಿಗರ ಮುಖಂಡ ಸಿಕ್ಕಿದ. ಅವಳು ಮರಾಠಿಯಲ್ಲಿ ತನ್ನ ಹೆಸರು ಹೇಳಿದಳು.

"ನಾಳೆ ಎಮ್ಮೆಗಳಿಗೆ ಆ ಗುಳಿಗೆ ಕೊಡಬೇಡಿ. ಒಂದಕ್ಕೂ ಕೊಡಬೇಡಿ. ಇಲಿಗಳ ಮೇಲೆ ಪ್ರಯೋಗ ಮಾಡಿದವಳು ನಾನು. ಗುಳಿಗೆ ತಿಂದವೇ ಸತ್ತವು."

ಆ ಕಡೆಯಿಂದ ಏನೋ ಜೋರಾದ ಪ್ರಶ್ನೆ ಬಂತು. ಅವಳು ಮೊದಲಿನಿಂದ ಮತ್ತೆ ಹೇಳಲು ಶುರುಮಾಡಿದಳು.